ಹದಿನೇಳನೇ ಬೆಡ್ಡಿನ ಬೆಣ್ಣೆ

ಆಸ್ಪತ್ರೆಗಳ ಆಹಾರ ವಿಭಾಗದ ಮುಖ್ಯಾಧಿಕಾರಿಗಳಿಗೆ, ಎಲ್ಲರೂ ಓದಲಿ ಎಂದೇ ಬರೆದದ್ದು

ಮಾನ್ಯರೇ,

ಬೆಣ್ಣೆ ಎಲ್ಲಿ ಹೋಯಿತು ಎಂದು ಕೇಳಿದ್ದೀರಿ. ಹೆರಿಗೆ ಆಸ್ಪತ್ರೆಯ ಹದಿನೇಳನೇ ಬೆಡ್ಡಿನ ಗರ್ಭಿಣಿಗೆ ಮಂಜೂರಾದ ಬೆಣ್ಣೆ ಐದು ದಿನ ಆಕೆಯ ತಟ್ಟೆಯಲ್ಲಿ ಕಾಣಲಿಲ್ಲ, ಏಕೆ ಎಂಬುದಕ್ಕೆ ಏಳು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು ಎಂದು ನಿಮ್ಮ ನೋಟಿಸ್ ಹೇಳುತ್ತದೆ. ಅದನ್ನು ನನ್ನ ಕೈಗೇ ಕೊಡಬಹುದಿತ್ತು. ಕೊಡಲಿಲ್ಲ, ಅಡುಗೆಮನೆಯ ಬಾಗಿಲಿಗೆ ಅಂಟಿಸಿದಿರಿ. ಪಾತ್ರೆ ತೊಳೆಯುವವರಿಂದ ಹಿಡಿದು ತರಕಾರಿ ತರುವವರವರೆಗೆ ಎಲ್ಲರೂ ಓದಿ ಮುಗಿಸಿದ ಮೇಲೆ ನಾನು ಓದಿದೆ. ಹಾಗಾಗಿ ನನ್ನ ಉತ್ತರವನ್ನೂ ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದೇನೆ. ಸರಿಗೆ ಸರಿ.

ನಾನು ಈ ಆಸ್ಪತ್ರೆಯ ಮುಖ್ಯ ಅಡುಗೆಯವಳು. ಇಪ್ಪತ್ತೆರಡು ವರ್ಷದಿಂದ ಇದೇ ಒಲೆಯ ಮುಂದೆ ನಿಂತಿದ್ದೇನೆ. ಓದಿದ್ದು ಏಳನೇ ಕ್ಲಾಸು. "ಸದರಿ", "ಮೇಲ್ಕಾಣಿಸಿದ", "ಅಗತ್ಯ ಕ್ರಮಕ್ಕಾಗಿ" ಎಂಬ ಮಾತುಗಳೆಲ್ಲ ಇವಳಿಗೆ ಎಲ್ಲಿಂದ ಬಂದವು ಎಂದು ಹುಬ್ಬೇರಿಸಬೇಡಿ. ನೀವು ಕಳಿಸುವ ಸುತ್ತೋಲೆಗಳನ್ನು ಹಿಟ್ಟಿನ ಡಬ್ಬಿಗಳ ಮೇಲಿನ ಗೋಡೆಗೆ ಅಂಟಿಸಿದ್ದೇವೆ. ಬೇಳೆ ಬೇಯುವಷ್ಟು ಹೊತ್ತು ಅವನ್ನೇ ಓದುವುದು. ಬೇಳೆ ಬೇಯುತ್ತದೆ, ಸುತ್ತೋಲೆ ಮಾತ್ರ ಎಷ್ಟು ಸಲ ಓದಿದರೂ ಬೇಯುವುದಿಲ್ಲ.

ನೋಟಿಸಿನ ಮೊದಲನೇ ಪ್ಯಾರಾ ಓದಿ ನಕ್ಕೆ. ಎರಡನೇ ಪ್ಯಾರಾ ಓದಿದಾಗ ಪಿತ್ತ ನೆತ್ತಿಗೇರಿತು. "ಸದರಿ ಗರ್ಭಿಣಿಯು ಅಡುಗೆಯವರ ಸೊಸೆಯೆಂದು ತಿಳಿದುಬಂದಿದ್ದು, ಕೌಟುಂಬಿಕ ವೈಮನಸ್ಯದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ." ಅಬ್ಬಬ್ಬಾ, ಎಂಥ ಪತ್ತೇದಾರಿಕೆ! ಅತ್ತೆ ಅಂದ ಮೇಲೆ ಸೊಸೆಯ ಬಾಯಿಂದ ಬೆಣ್ಣೆ ಕಿತ್ತುಕೊಳ್ಳದೆ ಇರುತ್ತಾಳೆಯೇ? ಇಷ್ಟು ಕಂಡುಹಿಡಿಯಲು ಒಂದು ವಿಭಾಗ, ಅದಕ್ಕೊಬ್ಬರು ಮುಖ್ಯಾಧಿಕಾರಿ ಬೇಕಿರಲಿಲ್ಲ, ಮಧ್ಯಾಹ್ನದ ಧಾರಾವಾಹಿ ನೋಡಿದ್ದರೆ ಸಾಕಿತ್ತು. ನನ್ನದೂ ಒಂದು ಪ್ರಶ್ನೆ ಇದೆ, ಬೇಸರ ಮಾಡಿಕೊಳ್ಳಬೇಡಿ. ಆ ಬೆಣ್ಣೆ ತಿಂದರೆ ಆ ಹುಡುಗಿಗೆ ಏನಾಗುತ್ತದೆ ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ಯಾರನ್ನಾದರೂ ಕೇಳಿದರೇ?

ನಮ್ಮ ಅಡುಗೆಮನೆಯ ಪದ್ಧತಿ ನಿಮಗೆ ಗೊತ್ತು, ನೀವೇ ಮಾಡಿದ್ದು. ಇದನ್ನು ಓದುವ ಉಳಿದವರಿಗಾಗಿ ಹೇಳುತ್ತೇನೆ. ಅಡುಗೆಯವರು ರೋಗಿಗಳ ಜೊತೆ ಮಾತಾಡುವಂತಿಲ್ಲ. ವಾರ್ಡಿಗೂ ನಮಗೂ ನಡುವೆ ಒಂದು ಕಿಟಕಿ, ಮೊಣಕೈ ಊರುವಷ್ಟು ಅಗಲ. ಆ ಕಿಟಕಿಯಿಂದ ತಗಡಿನ ಬಿಲ್ಲೆಗಳು ಒಳಗೆ ಬರುತ್ತವೆ, ತಟ್ಟೆಗಳು ಹೊರಗೆ ಹೋಗುತ್ತವೆ. ಬಿಲ್ಲೆಗಳು ಎರಡೇ ಬಣ್ಣ. ಹಳದಿ ಎಂದರೆ ಗರ್ಭಿಣಿ: ಕೆನೆ ತುಂಬಿದ ಹಾಲು, ಎಣ್ಣೆ ತೇಲುವ ಸಾರು, ಕರಿದ ಆಲೂಗಡ್ಡೆ, ಮೇಲೊಂದು ಬೆಣ್ಣೆ. ಬಿಳಿ ಎಂದರೆ ಆಪರೇಷನ್ ವಾರ್ಡಿನವರು, ಅಂದರೆ ಪಿತ್ತಕೋಶದಲ್ಲಿ ಕಲ್ಲು, ಕರುಳಿನ ತೊಂದರೆ, ಇಂಥವು. ಅವರಿಗೆ ದಿನಕ್ಕೆ ಎರಡು ಸಲ ತಿಳಿಗಂಜಿ, ಸಂಜೆ ಮೇಲೆ ಏನೂ ಇಲ್ಲ. ಇಡೀ ಮನುಷ್ಯಕುಲದ ಕಾಯಿಲೆಯನ್ನೆಲ್ಲ ನೀವು ಎರಡು ಬಣ್ಣದಲ್ಲಿ ಮುಗಿಸಿದ್ದೀರಿ.

ಬೆಣ್ಣೆಯದಂತೂ ಬೇರೆಯೇ ಕಥೆ. ಹಿಂದೆ ಯಾವುದೋ ಆಸ್ಪತ್ರೆಯಲ್ಲಿ ಯಾರೋ ಬೆಣ್ಣೆ ಮನೆಗೆ ಸಾಗಿಸಿದರಂತೆ. ಅಂದಿನಿಂದ ಪ್ರತಿ ಬೆಣ್ಣೆಯ ತುಂಡಿಗೂ ನಿಮ್ಮ ವಿಭಾಗದ ಮುದ್ರೆ ಬಿತ್ತು. ಬೆಳಗಿನ ಜಾವ ಎದ್ದು, ಮರದ ಅಚ್ಚನ್ನು ತಣ್ಣೀರಿನಲ್ಲಿ ಅದ್ದಿ ಅದ್ದಿ, ಅರವತ್ತು ತುಂಡು ಬೆಣ್ಣೆಗೆ ಒತ್ತುತ್ತೇನೆ. ಪರಿವೀಕ್ಷಕರು ವಾರ್ಡಿಗೆ ಬಂದರೆ ನೋಡುವುದು ತಾಯಿಯ ಮುಖವನ್ನಲ್ಲ, ಮುದ್ರೆಯನ್ನು. ಬಸುರಿ ಉಂಡಳೋ ಬಿಟ್ಟಳೋ, ಅರಗಿತೋ ಇಲ್ಲವೋ, ಅದು ಅವರ ಕಾಲಮ್ಮಿನಲ್ಲಿ ಇಲ್ಲ. ಬೇಸಿಗೆಯಲ್ಲಿ ಬೆಣ್ಣೆ ಕರಗಿ ಮುದ್ರೆ ಅಳಿಸಿಹೋದರೆ ಆ ತಾಯಿಗೆ ಊಟವೇ ಆಗಿಲ್ಲ ಎಂದು ದಾಖಲಾಗುತ್ತದೆ.

ಈಗ ನನ್ನ ತಪ್ಪೊಪ್ಪಿಗೆ. ನಿಮ್ಮ ನೋಟಿಸಿನಲ್ಲಿರುವ ತಪ್ಪಲ್ಲ, ಅದಕ್ಕಿಂತ ದೊಡ್ಡದು.

ನನ್ನ ಸೊಸೆ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವಳು. ಗೋಡೆಯುದ್ದಕ್ಕೂ ಪಾರಿವಾಳದ ಗೂಡಿನಂಥ ಖಾನೆಗಳು, ಅವುಗಳ ಮುಂದೆ ದಿನವಿಡೀ ನಿಂತು ಕಾಗದ ಎಸೆಯುತ್ತಾಳೆ, ಒಂದೂ ಗುರಿ ತಪ್ಪುವುದಿಲ್ಲ. ಕಡ್ಡಿ ಹಾಗಿದ್ದಾಳೆ, ಬಾಯಿ ಮಾತ್ರ ಜೋರು. ಬಸುರಿಯಾದ ಮೇಲೆ ಬೆಳಿಗ್ಗೆ ವಾಕರಿಕೆ, ಏನೂ ಸೇರುತ್ತಿರಲಿಲ್ಲ. ಮಧ್ಯಾಹ್ನ ಎರಡು ಬಿಸ್ಕತ್ತು. ಸಂಜೆ ಮನೆಗೆ ಬಂದ ಮೇಲೆ ಹೊಟ್ಟೆ ಬಿರಿಯುವಷ್ಟು ಊಟ. ಬಡಿಸುತ್ತಿದ್ದವಳು ನಾನು. ಇಪ್ಪತ್ತೆರಡು ವರ್ಷ ಹಳದಿ ಬಿಲ್ಲೆಗೆ ಬಡಿಸಿದ ಕೈ, ಮನೆಯಲ್ಲಿ ಸುಮ್ಮನಿರುತ್ತದೆಯೇ? ಆಸ್ಪತ್ರೆಯಲ್ಲಿ ಒಂದು ಬೆಣ್ಣೆಯಾದರೆ ಮನೆಯಲ್ಲಿ ಎರಡು. "ಸಾಕು ಅತ್ತೆ" ಅನ್ನುತ್ತಿದ್ದಳು. "ಸಾಕು ಅನ್ನೋದು ನಿನ್ನ ಬಾಯಿ. ಒಳಗಿರೋದು ಏನನ್ನುತ್ತೆ ಕೇಳಿದೀಯಾ?" ಅಂತ ಇನ್ನೊಂದು ಸೌಟು ಸುರಿಯುತ್ತಿದ್ದೆ. ಒಳ್ಳೆಯ ಅತ್ತೆ ಅನ್ನಿಸಿಕೊಳ್ಳುವ ಚಟ, ಮಾನ್ಯರೇ. ಅದು ಸಾರಾಯಿ ಚಟಕ್ಕಿಂತ ಕಡಿಮೆಯದೇನಲ್ಲ.

ಏಳನೇ ತಿಂಗಳಲ್ಲಿ ಒಂದು ಸಂಜೆ, ಕರಿದದ್ದು, ಕೆನೆ ಹಾಕಿದ್ದು ಎಲ್ಲ ತಿನ್ನಿಸಿ ಒಂದು ಗಂಟೆಯಾಗಿತ್ತು. ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಒತ್ತಿ ಹಿಡಿದು ನೆಲದ ಮೇಲೆ ಕೂತುಬಿಟ್ಟಳು. ನೋವು ಬೆನ್ನಿಗೆ ಹೋಯಿತು, ಬಲ ಹೆಗಲಿಗೆ ಹೋಯಿತು. ನಾನು ಏನು ಮಾಡಿದೆ ಗೊತ್ತೇ? "ಮಗು ಒದೀತಿದೆ ಕಣೇ, ಗ್ಯಾಸ್ ಇರಬೇಕು" ಅಂತ ಬಿಸಿ ಹಾಲಿಗೆ ಬೆಣ್ಣೆ ಹಾಕಿ ಕುಡಿಸಿದೆ. ಮೂರು ವಾರ ಹೀಗೇ ನಡೆಯಿತು. ನೋವು ಬಂದಾಗೆಲ್ಲ ಬೆಣ್ಣೆ, ಬೆಣ್ಣೆ ತಿಂದಾಗೆಲ್ಲ ನೋವು. ನಿಮ್ಮ ಪಟ್ಟಿಯನ್ನು ನಾನು ಎಷ್ಟು ನಂಬಿದ್ದೆ ಎಂದರೆ, ಎದುರಿಗೆ ಹೊರಳಾಡುತ್ತಿದ್ದ ಹುಡುಗಿಯನ್ನು ನಂಬಲಿಲ್ಲ.

ಎಂಟನೇ ತಿಂಗಳಲ್ಲಿ ನೋವು ತಡೆಯಲಾರದೆ ಇಲ್ಲೇ ಸೇರಿಸಿದೆವು. ಹದಿನೇಳನೇ ಬೆಡ್ಡು. ಸ್ಕ್ಯಾನ್ ಮಾಡಿದರೆ ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಿಯಮ ಗೊತ್ತಿಲ್ಲವೋ, ಗೊತ್ತಿದ್ದೂ ಲೆಕ್ಕಿಸಲಿಲ್ಲವೋ, ನೇರ ಅಡುಗೆಮನೆಯ ಕಿಟಕಿಗೇ ಬಂದು ನಿಂತರು.

"ಅಮ್ಮ, ಬಸುರಲ್ಲಿ ಪಿತ್ತಕೋಶ ಸ್ವಲ್ಪ ಸೋಮಾರಿ ಆಗುತ್ತೆ. ಪಿತ್ತರಸ ಮಂದ ಆಗುತ್ತೆ, ಕಲ್ಲು ಕೂಡೋದು ಸುಲಭ. ಜಿಡ್ಡು ಒಳಗೆ ಹೋದರೆ ಆ ಚೀಲ ಹಿಂಡಿಕೊಳ್ಳುತ್ತೆ, ಕಲ್ಲು ಬಾಯಿಗೆ ಸಿಕ್ಕಿಕೊಂಡರೆ ಈ ನೋವು."

"ಹಾಗಾದ್ರೆ ಉಪವಾಸ ಹಾಕಲಾ ಡಾಕ್ಟರೇ?"

"ಅಯ್ಯೋ, ಅದಂತೂ ಬೇಡವೇ ಬೇಡ! ಹೊಟ್ಟೆ ಖಾಲಿ ಬಿಟ್ಟಷ್ಟೂ ಪಿತ್ತ ಅಲ್ಲೇ ಮಡುಗಟ್ಟುತ್ತೆ. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ. ಕರಿದದ್ದು, ಕೆನೆ, ಬೆಣ್ಣೆ ಬಿಡಿಸಿ. ಜಿಡ್ಡು ಪೂರ್ತಿ ನಿಲ್ಲಿಸಬೇಡಿ, ಮಗುವಿಗೂ ಬೇಕು. ಒಂದು ಊಟಕ್ಕೆ ಚಿಕ್ಕ ಚಮಚ ಎಣ್ಣೆ ಸಾಕು. ಕೆನೆ ತೆಗೆದ ಹಾಲು, ಬೇಳೆ, ಸೊಪ್ಪು, ಹಣ್ಣು, ತೌಡು ಇರೋ ಧಾನ್ಯ. ತೂಕ ಇಳಿಸೋಕೆ ಹೋಗಬೇಡಿ. ಜ್ವರ ಬಂದರೆ, ಕಣ್ಣು ಹಳದಿ ಆದರೆ, ವಾಂತಿ ನಿಲ್ಲದಿದ್ದರೆ, ನೋವು ಬಿಡದಿದ್ದರೆ ಒಂದು ನಿಮಿಷವೂ ಕಾಯದೆ ನನ್ನನ್ನು ಕರೀಬೇಕು."

ನನ್ನ ಜೀವಮಾನದಲ್ಲಿ ಒಬ್ಬ ಡಾಕ್ಟರು ಅಡುಗೆಯವಳಿಗೆ ಹೇಳಿದ ಮೊದಲ ಪಾಠ ಅದು. ಇಡೀ ಪಾಠ ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಊಟದ ಚೀಟಿಯ ಮೇಲೆ ಅವರು ಬರೆದುಕೊಟ್ಟರು: "ಜಿಡ್ಡು ಕಡಿಮೆ. ಆಗಾಗ, ಸ್ವಲ್ಪ ಸ್ವಲ್ಪ." ಅದನ್ನು ಹಿಡಿದು ಚೀಟಿ ಗುಮಾಸ್ತರ ಬಳಿ ಹೋದೆ. ಅವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ, "ಇದು ಯಾವ ಬಣ್ಣ?" ಎಂದರು. ಬಸುರಿ, ಹಾಗಾಗಿ ಹಳದಿ. ಪಿತ್ತಕೋಶ, ಹಾಗಾಗಿ ಬಿಳಿ. ಎರಡೂ ಒಬ್ಬಳಿಗೇ ಬಂದರೆ? "ಹಾಗೆ ಬರೋ ಹಾಗಿಲ್ಲಮ್ಮ" ಎಂದರು. ಬಂದುಬಿಟ್ಟಿದೆಯಲ್ಲ ಸ್ವಾಮಿ, ವಾರ್ಡಿನಲ್ಲಿ ಮಲಗಿದ್ದಾಳಲ್ಲ ಎಂದೆ. ನಿಮ್ಮ ಕಚೇರಿಗೆ ಬರೆದು ಕೇಳಿದರು.

ಮೂರನೇ ದಿನ ನಿಮ್ಮ ಉತ್ತರ ಬಂತು. ಅದನ್ನು ಹಿಟ್ಟಿನ ಡಬ್ಬಿಯ ಮೇಲಲ್ಲ, ಕಟ್ಟು ಹಾಕಿಸಿ ತೂಗುಹಾಕಬೇಕು. "ಸದರಿ ರೋಗಿಯು ಎರಡೂ ವರ್ಗಗಳಿಗೆ ಅರ್ಹರಾಗಿರುವುದರಿಂದ ಎರಡೂ ಊಟಗಳನ್ನು ಒದಗಿಸತಕ್ಕದ್ದು." ಒಂದು ತಟ್ಟೆಯಲ್ಲಿ ಬೆಣ್ಣೆ, ಕರಿದ ಆಲೂಗಡ್ಡೆ. ಪಕ್ಕದ ತಟ್ಟೆಯಲ್ಲಿ ನೀರು ನೀರಾದ ಗಂಜಿ. ಒಂದರಲ್ಲಿ ವಿಪರೀತ ಹೆಚ್ಚು, ಇನ್ನೊಂದರಲ್ಲಿ ವಿಪರೀತ ಕಡಿಮೆ, ಸರಾಸರಿ ತೆಗೆದರೆ ಆರೋಗ್ಯ! ಸೊಸೆ ಕಿಟಕಿಗೇ ಬಂದು ಎರಡೂ ತಟ್ಟೆ ನೋಡಿ, "ಅತ್ತೆ, ಕಲ್ಲುಗಳನ್ನೂ ಊಟಕ್ಕೆ ಕೂರಿಸಿದ್ದಾರಾ?" ಎಂದಳು. ನಗಬೇಡ ಕಣೇ, ನಕ್ಕರೆ ನೋಯುತ್ತೆ ಎಂದೆ. ನಕ್ಕಳು, ನೋಯಿತು.

ನಾನು ನಿಮ್ಮ ಸರಾಸರಿಗೆ ಕಾಯಲಿಲ್ಲ. ಮೊದಲ ದಿನದಿಂದಲೇ ಡಾಕ್ಟರಮ್ಮ ಹೇಳಿದ ಹಾಗೆ ಬೇಯಿಸಿದೆ. ಒಂದು ಚಿಕ್ಕ ಪಾತ್ರೆಯಲ್ಲಿ ಬೇಳೆ, ಸೊಪ್ಪು, ಚಮಚದಷ್ಟೇ ಎಣ್ಣೆ. ನಿಮ್ಮ ಪಟ್ಟಿಯಲ್ಲಿ ಕೊನೆಯ ಊಟ ಸಂಜೆ ಐದಕ್ಕೆ, ಮುಂದಿನದು ಬೆಳಿಗ್ಗೆ ಏಳಕ್ಕೆ. ನಡುವಿನ ಹದಿನಾಲ್ಕು ಗಂಟೆ ಬಸುರಿ ಗಾಳಿ ಕುಡಿಯಬೇಕು. ಅದಕ್ಕೆ ಹಣ್ಣು, ಕೆನೆ ತೆಗೆದ ಹಾಲು ವಾರ್ಡಿನ ದೊಡ್ಡ ಸಿಸ್ಟರ್ ಕೈಯಲ್ಲಿ ಕೊಟ್ಟು ಹೋಗುತ್ತಿದ್ದೆ. ಹಳದಿ ತಟ್ಟೆಯ ಮೇಲಿನ ಬೆಣ್ಣೆಯನ್ನು ಎತ್ತಿಬಿಟ್ಟೆ. ಐದು ದಿನ ಅವಳಿಗೆ ನೋವು ಬರಲಿಲ್ಲ. ಐದು ದಿನ, ಮಾನ್ಯರೇ. ಐದನೇ ದಿನ ದಿಂಬಿಗೆ ಒರಗಿ ಕೂತು ಪಕ್ಕದ ಬೆಡ್ಡಿನವರ ಕಾಗದಗಳನ್ನೆಲ್ಲ ವಿಂಗಡಿಸಿ ಕೊಡುತ್ತಿದ್ದಳಂತೆ.

ನಿಮ್ಮ ಪ್ರಶ್ನೆಗೆ ಉತ್ತರ ಬೇಕಲ್ಲ, ತೆಗೆದುಕೊಳ್ಳಿ. ಆ ಐದು ತುಂಡು ಬೆಣ್ಣೆ ಒಂಬತ್ತನೇ ಬೆಡ್ಡಿನ ಹುಡುಗಿ ತಿಂದಳು. ಅವಳಿಗೆ ಕಲ್ಲೂ ಇಲ್ಲ ಮಣ್ಣೂ ಇಲ್ಲ, ಹಸಿವು ಮಾತ್ರ. ಕಿಟಕಿಯ ಮುಂದೆಯೇ ನಿಂತು ಬ್ರೆಡ್ಡಿಗೆ ಬಳಿದುಕೊಂಡು, ಬೆರಳು ಚೀಪಿ, "ನಾಳೆನೂ ಇದೆಯಾ ಆಂಟಿ?" ಎಂದಳು. ನಿಮ್ಮ ಮುದ್ರೆಯನ್ನು ಇಷ್ಟು ಪ್ರೀತಿಯಿಂದ ಸ್ವೀಕರಿಸಿದವರು ಇಲ್ಲಿಯವರೆಗೆ ಯಾರೂ ಇಲ್ಲ.

ಇನ್ನು ದೂರು ಕೊಟ್ಟವರು ಯಾರು? ನೀವು ಗುಟ್ಟಾಗಿಟ್ಟಿದ್ದೀರಿ. ಅವರೇ ನನ್ನ ಹತ್ತಿರ ಒಪ್ಪಿಕೊಂಡಿದ್ದಾರೆ: ನನ್ನ ಬೀಗಿತಿ, ಸೊಸೆಯ ತಾಯಿ. ಬಸ್ ಡಿಪೋದಲ್ಲಿ ಬಸ್ಸುಗಳ ಮೇಲೆ ನಂಬರು ಬರೆಯುವವರು, ಬೆರಳಿನಿಂದ ಬಣ್ಣ ಹೋಗಿದ್ದು ನಾನು ನೋಡಿಲ್ಲ. ಮಗಳ ತಟ್ಟೆಯಿಂದ ಅತ್ತೆ ಬೆಣ್ಣೆ ಎತ್ತಿಕೊಳ್ಳುವುದನ್ನು ಕಿಟಕಿಯಲ್ಲಿ ಕಣ್ಣಾರೆ ಕಂಡರು. ಒಂಬತ್ತನೇ ಬೆಡ್ಡಿನವಳಿಗೆ ಕೊಡುವುದನ್ನೂ ಕಂಡರು. ಯಾವ ತಾಯಿಯ ಹೊಟ್ಟೆ ಉರಿಯುವುದಿಲ್ಲ? "ಮನೇಲಿ ಎರಡೆರಡು ಬೆಣ್ಣೆ ಹಾಕ್ತಿದ್ದವರು ಈಗ ಊರವರಿಗೆ ದಾನ ಮಾಡ್ತಿದ್ದಾರೆ" ಎಂದು ಪರಿವೀಕ್ಷಕರ ಮುಂದೆ ಹೇಳಿದರಂತೆ. ನಾನು ಅವರಿಗೆ ಕಲ್ಲಿನ ವಿಷಯ ಸರಿಯಾಗಿ ಬಿಡಿಸಿ ಹೇಳಿರಲಿಲ್ಲ. ಹೇಳಿದರೆ, ಮೂರು ವಾರ ಬೆಣ್ಣೆ ಕುಡಿಸಿದ್ದನ್ನೂ ಹೇಳಬೇಕಾಗುತ್ತಿತ್ತಲ್ಲ. ಆ ಮಟ್ಟಿಗೆ ಈ ನೋಟಿಸನ್ನು ನಾನೇ ಕೈಯಾರೆ ಕರೆಸಿಕೊಂಡೆ.

ಐದನೇ ದಿನ ಪರಿವೀಕ್ಷಕರು ಬೆಡ್ಡಿನ ಹತ್ತಿರವೇ ಹೋದರು. "ಮುದ್ರೆ ಒತ್ತಿದ ಬೆಣ್ಣೆ ಎಲ್ಲಮ್ಮ?"

"ನಾನೇ ಬೇಡ ಅಂದೆ ಸಾರ್" ಎಂದಳು ಸೊಸೆ.

"ಬೇಡ ಅನ್ನೋಕೆ ಕಾಲಂ ಇಲ್ಲಮ್ಮ. ಯಾರು ತೆಗೆದಿದ್ದೋ ಅವರ ಮೇಲೆ ಕ್ರಮ ಆಗುತ್ತೆ."

ಆರನೇ ದಿನ ಮಧ್ಯಾಹ್ನ ಮತ್ತೆ ಬಂದರು, ಲೋಪ ಸರಿಹೋಯಿತೇ ಎಂದು ಖಾತ್ರಿ ಮಾಡಿಕೊಳ್ಳಲು. ಕಿಟಕಿಯ ಮುಂದೆ ನಿಂತು ಹಳದಿ ತಟ್ಟೆ ತರಿಸಿದರು, ಬೆಣ್ಣೆಯ ಡಬ್ಬಿ ತರಿಸಿದರು, ಸ್ವಹಸ್ತದಿಂದ ಒಂದಲ್ಲ, ಹಿಂದಿನ ಬಾಕಿಯಲ್ಲಿ ಎರಡು ಸೇರಿಸಿ ಮೂರು ತುಂಡು ಇಟ್ಟರು. "ಸಾರ್, ಬೇಡ. ಡಾಕ್ಟರನ್ನ ಕೇಳಿ" ಎಂದೆ. ಡಾಕ್ಟರಮ್ಮ ಹೆರಿಗೆ ಕೋಣೆಯಲ್ಲಿದ್ದರು. ತಟ್ಟೆಯನ್ನು ತಾವೇ ಹಿಡಿದು ನಡೆದರು. ನಾನು ಕಿಟಕಿಯಿಂದ ಆಚೆ ಹೋಗುವಂತಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಎಂಥದ್ದು ನೋಡಿ, ಹೋಗಲಿಲ್ಲ. ಇವತ್ತಿಗೂ ಆ ಕಿಟಕಿ ಕಂಡರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಅವಳು ತಿಂದಳು. ಅವರ ಎದುರಿಗೇ, ಮೂರೂ ತುಂಡು. ಪರಿವೀಕ್ಷಕರು "ಸರಿಪಡಿಸಲಾಗಿದೆ" ಎಂದು ಬರೆದು ಸಹಿ ಹಾಕಿ ಹೋದರು. ಒಂದು ಗಂಟೆಯಲ್ಲಿ ನೋವು ಶುರುವಾಯಿತು. ವಾಂತಿ, ಬೆವರು, ಮಂಚದ ಕಂಬಿ ಹಿಡಿದ ಕೈ ಬಿಡಿಸಲು ಇಬ್ಬರು ಸಿಸ್ಟರ್‌ಗಳು ಬೇಕಾಯಿತು. ಆಗ ಕಿಟಕಿ ದಾಟಿ ಓಡಿದೆ. ಮಗುವಿನ ಎದೆಬಡಿತ ಕೇಳುವ ಯಂತ್ರ ಹೊಟ್ಟೆಯ ಮೇಲಿಟ್ಟು ಡಾಕ್ಟರಮ್ಮ ಕಿವಿಗೊಟ್ಟು ನಿಂತಿದ್ದರು. ಇನ್ನೊಂದು ಸಲ ಹೀಗಾಗಿ ಜ್ವರವೂ ಬಂದರೆ ಆಪರೇಷನ್ ಮಾಡಲೇಬೇಕಾಗುತ್ತೆ, ಈ ತಿಂಗಳಲ್ಲಿ ಅದು ಬೇಡ ಅಂತಲೇ ನಾನು ಒದ್ದಾಡ್ತಿರೋದು ಎಂದರು. ಆ ಮಾತು ಕೇಳುತ್ತಿದ್ದ ಹಾಗೆ ಮಂಚದ ಪಕ್ಕದಲ್ಲಿದ್ದ ಬೀಗಿತಿ ಮಗಳ ಅಂಗಾಲು ತಿಕ್ಕತೊಡಗಿದರು.

ಸಂಜೆಗೆ ನೋವು ಇಳಿಯಿತು, ಮಗುವಿನ ಎದೆಬಡಿತವೂ ಸರಿಯಾಗಿತ್ತು. ಯಾಕೆ ತಿಂದೆಯೇ, ಗೊತ್ತಿದ್ದೂ ಗೊತ್ತಿದ್ದೂ ಯಾಕೆ ತಿಂದೆ ಎಂದು ಕೇಳಿದೆ.

"ನಿಮ್ಮ ಕೆಲಸ ಹೋಗಬಾರದು ಅಂತ ತಿಂದೆ ಅತ್ತೆ. ಬೈಬೇಡಿ."

ಈಗ ಹೇಳಿ, ಮಾನ್ಯರೇ. ಬೆಣ್ಣೆ ಕಾಣೆಯಾದ ಐದು ದಿನ ನಿಮ್ಮ ಕಡತದಲ್ಲಿವೆ. ಬೆಣ್ಣೆ ಸಿಕ್ಕ ಆರನೇ ದಿನ ಎಲ್ಲಿದೆ? "ಸರಿಪಡಿಸಲಾಗಿದೆ" ಎಂಬ ಒಂದು ಪದದ ಕೆಳಗೆ ಮುಚ್ಚಿಹೋಗಿದೆ. ಕೌಟುಂಬಿಕ ವೈಮನಸ್ಯ ಹುಡುಕಿದಿರಲ್ಲ, ಅದರ ಅಳತೆ ಇದು: ಸೊಸೆ ಅತ್ತೆಯ ಕೆಲಸ ಉಳಿಸಲು ತನ್ನ ಹೊಟ್ಟೆಯನ್ನೂ ಒಳಗಿನ ಕೂಸನ್ನೂ ಒತ್ತೆಯಿಟ್ಟಳು. ಇದಕ್ಕೆ ನಿಮ್ಮಲ್ಲಿ ಯಾವ ಕಾಲಂ ಇದೆ?

ಮರುದಿನ ಬೀಗಿತಿ ಕಿಟಕಿಗೆ ಬಂದರು. ನಾನು ಅವರಿಗೆ ಮೂರು ವಾರದ ಬೆಣ್ಣೆಯ ಕಥೆ ಹೇಳಿದೆ, ಅವರು ನನಗೆ ದೂರಿನ ಕಥೆ ಹೇಳಿದರು. ಇಬ್ಬರೂ ಚೆನ್ನಾಗಿ ಬೈದುಕೊಂಡೆವು, ಚೆನ್ನಾಗಿ ಅತ್ತೆವು. ಆಮೇಲೆ ಅವರು ಚೀಲದಿಂದ ಏನೋ ತೆಗೆದು ಕಟ್ಟೆಯ ಮೇಲಿಟ್ಟರು. ಎಣ್ಣೆ ಡಬ್ಬಿಯ ಮುಚ್ಚಳ ಕತ್ತರಿಸಿ ಮಾಡಿದ ಒಂದು ಬಿಲ್ಲೆ, ಬಸ್ಸಿಗೆ ಬಳಿಯುವ ನೀಲಿ ಬಣ್ಣ. ಮೇಲೆ ಬಸ್ಸಿನ ನಂಬರಿನ ಹಾಗೆ ದುಂಡಗೆ ಡಾಕ್ಟರಮ್ಮನ ಐದು ಪದ: ಜಿಡ್ಡು ಕಡಿಮೆ, ಆಗಾಗ, ಸ್ವಲ್ಪ ಸ್ವಲ್ಪ. "ಅವರಿಗೆ ಬಣ್ಣ ಇಲ್ಲದೆ ಅರ್ಥ ಆಗಲ್ಲ ತಾನೇ? ತಗೊಳ್ಳಿ, ಬಣ್ಣ" ಎಂದರು.

ಅಂದಿನಿಂದ ಹದಿನೇಳನೇ ಬೆಡ್ಡಿನಿಂದ ನೀಲಿ ಬಿಲ್ಲೆ ಬರುತ್ತದೆ, ದಿನಕ್ಕೆ ಆರು ಸಲ. ಹನ್ನೊಂದು ದಿನವಾಯಿತು, ನೋವಿಲ್ಲ. ಮೊನ್ನೆ ಬೆಳಿಗ್ಗೆ ಕಿಟಕಿಯಲ್ಲಿ ನಾಲ್ಕು ನೀಲಿ ಬಿಲ್ಲೆ ಕಂಡು ಗಾಬರಿಯಾದೆ. ದೊಡ್ಡ ಸಿಸ್ಟರ್ ಕೇಳಿದ್ದಕ್ಕೆ ಬೀಗಿತಿ ಇನ್ನೂ ಮೂರು ಮಾಡಿಕೊಟ್ಟಿದ್ದರು. ವಾರ್ಡಿನಲ್ಲಿ ಇದೇ ನೋವಿನವರು ಇನ್ನೂ ಮೂವರಿದ್ದರು, ಮೂವರಿಗೂ ಡಾಕ್ಟರಮ್ಮ ಅದೇ ಐದು ಪದ ಬರೆದಿದ್ದರು. ಇಷ್ಟು ದಿನ ಅವರು ಏನು ಮಾಡುತ್ತಿದ್ದರು? ಹಳದಿ ತಟ್ಟೆ ಉಣ್ಣುತ್ತಿದ್ದರು, ನರಳುತ್ತಿದ್ದರು. ಅವರ ತಟ್ಟೆಯಲ್ಲಿ ಮುದ್ರೆ ಸರಿಯಾಗಿತ್ತಾದ್ದರಿಂದ ನಿಮಗೆ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಎಷ್ಟು ಜನರಿಗೆ ನಾನು ಅಚ್ಚೊತ್ತಿ ಕಳಿಸಿದ್ದೇನೋ. ಕಿಟಕಿ ಚಿಕ್ಕದು, ನನಗೂ ತಿಳಿಯಲಿಲ್ಲ.

ನೋಟಿಸ್ ವಾಪಸ್ ಪಡೆಯಿರಿ ಎಂದು ನಾನು ಕೇಳುವುದಿಲ್ಲ. ಅದು ಬಾಗಿಲ ಮೇಲೇ ಇರಲಿ, ನೊಣ ಬರುವ ಸಂದಿ ಮುಚ್ಚಿದೆ. ನಾನು ಕೇಳುವುದು ಇಷ್ಟು: ನೀಲಿ ಬಿಲ್ಲೆಯನ್ನು ನಿಮ್ಮ ಪಟ್ಟಿಗೆ ಸೇರಿಸಿ, ಇಲ್ಲಿ ಮಾತ್ರವಲ್ಲ, ನಿಮ್ಮ ಕೈಕೆಳಗಿನ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲೂ. ಡಾಕ್ಟರು ಅಡುಗೆಯವರ ಜೊತೆ ಮಾತಾಡುವುದು ಅಪರಾಧವಲ್ಲ ಎಂದು ಒಂದು ಸುತ್ತೋಲೆ ಕಳಿಸಿ, ಡಬ್ಬಿಗಳ ಮೇಲೆ ಜಾಗ ಮಾಡುತ್ತೇನೆ. ಪರಿವೀಕ್ಷಕರ ಕಾಲಮ್ಮಿನಲ್ಲಿ "ತಾಯಿ ಹೇಗಿದ್ದಾಳೆ?" ಎಂಬ ಒಂದು ಸಾಲು ಸೇರಿಸಿ. ಅದಕ್ಕೆ ಮುದ್ರೆ ಬೇಡ, ಬಾಯಿಬಿಟ್ಟು ಕೇಳಿದರೆ ಸಾಕು.

ನನ್ನ ವಿಚಾರಣೆಯನ್ನು ಮುಂದಿನ ತಿಂಗಳ ಎರಡನೇ ವಾರಕ್ಕೆ ಇಟ್ಟಿದ್ದೀರಿ. ಆ ವಾರವೇ ಅವಳಿಗೆ ದಿನ ತುಂಬುವುದು. ನಾನು ಬರಲಾರೆ, ಕ್ಷಮಿಸಿ. ನೀವೇ ಬನ್ನಿ. ನೀಲಿ ಬಿಲ್ಲೆ ಅನಧಿಕೃತ, ಮುಟ್ಟುಗೋಲು ಹಾಕಿಕೊಳ್ಳಬೇಕು ಎಂದಾದರೆ ಅದಕ್ಕೂ ಅಡ್ಡಿಯಿಲ್ಲ. ಅದು ನನ್ನ ಹತ್ತಿರ ಇರುವುದಿಲ್ಲ, ಹದಿನೇಳನೇ ಬೆಡ್ಡಿನ ದಿಂಬಿನ ಕೆಳಗೆ ಇರುತ್ತದೆ. ಆ ಹುಡುಗಿಯ ಕಣ್ಣು ನೋಡಿ, ಕೊಡಮ್ಮ ಎಂದು ಕೇಳಿ. ಅವಳು ನಿಮ್ಮವರ ಮಾತಿಗೆ ಈಗಾಗಲೇ ಒಮ್ಮೆ ಮೂರು ತುಂಡು ನುಂಗಿದವಳು. ಇನ್ನೊಮ್ಮೆ ಕೇಳಲು ನಿಮಗೆ ನಾಲಿಗೆ ಏಳುತ್ತದೆಯೋ ನೋಡೋಣ.

ಇಂತಿ,
ತಮ್ಮ ಕಡತದಲ್ಲಿ ಬೆಣ್ಣೆ ತಡೆಹಿಡಿದವಳು,
ತನ್ನ ಲೆಕ್ಕದಲ್ಲಿ ಅದನ್ನು ಮೂರು ವಾರ ತಡವಾಗಿ ತಡೆದವಳು,
ಹೆರಿಗೆ ಆಸ್ಪತ್ರೆಯ ಅಡುಗೆಯವಳು ಹಾಗೂ ಒಬ್ಬಳ ಅತ್ತೆ